ಗುಜರಿಯಿಂದ ಹರಾಜಿಗೆ: ಜಾತ್ರೆಯ ಮರದ ಕುದುರೆಯ ದುರಸ್ತಿ

ಸುಟ್ಟ ಮೋಟಾರುಗಳ ತಾಮ್ರದ ತಂತಿ ಮಾರಲು ದಾವಣಗೆರೆಯ ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ನನ್ನದು ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಕೆಲಸ. ತಿಂಗಳಿಗೊಮ್ಮೆ ಅಲ್ಲಿಗೆ ಹೋಗುವುದು ರೂಢಿ. ತಕ್ಕಡಿಯ ಪಕ್ಕದಲ್ಲಿ ಹರಿದ ತಾಡಪಾಲಿನ ಕೆಳಗಿನಿಂದ ಒಂದು ಮರದ ಗೊರಸು ಹೊರಗೆ ಚಾಚಿಕೊಂಡಿತ್ತು. ತಾಡಪಾಲು ಎತ್ತಿ ನೋಡಿದರೆ ಎರಡು ಕುದುರೆಗಳು. ಜಾತ್ರೆಯಲ್ಲಿ ಕೈಯಿಂದ ತಳ್ಳಿ ತಿರುಗಿಸುತ್ತಿದ್ದ ಕುದುರೆ ಆಟದವು. ಒಂದರ ಮುಂದಿನ ಎಡಗಾಲು ಮಂಡಿಯಿಂದ ಕೆಳಗೆ ಜೋತುಬಿದ್ದಿತ್ತು. ಇನ್ನೊಂದಕ್ಕೆ ಕಿವಿಗಳಿಲ್ಲ, ಕೆಳದವಡೆ ಇಲ್ಲ, ಬಾಲವೂ ಇಲ್ಲ. ಆಟದ ಕಬ್ಬಿಣದ ಚೌಕಟ್ಟನ್ನು ಅಂಗಡಿಯವನು ಆಗಲೇ ಕತ್ತರಿಸಿ ಲಾರಿಗೆ ಹೇರಿ ಕಳಿಸಿಬಿಟ್ಟಿದ್ದ.

“ಈ ಮರ ಯಾವುದಕ್ಕೂ ಬರುವುದಿಲ್ಲ ಅಣ್ಣ, ಒಲೆಗೆ ಹೋಗುತ್ತದೆ” ಎಂದ.

ಎರಡಕ್ಕೂ ಸೇರಿ 4,200 ರೂಪಾಯಿಗೆ ಮಾತು ಮುಗಿಯಿತು. ತಾಮ್ರದ ದುಡ್ಡಿನಲ್ಲಿ ಅಷ್ಟನ್ನು ಅಲ್ಲೇ ಮುರಿದುಕೊಂಡ.

ಜಾತ್ರೆ, ಎಕ್ಸಿಬಿಷನ್, ಆಟದ ಪಾರ್ಕುಗಳ ಹಳೆಯ ಸಾಮಾನುಗಳನ್ನು ನಾನು 11 ವರ್ಷದಿಂದ ಕೂಡಿಡುತ್ತಿದ್ದೇನೆ. ಬಲೂನಿಗೆ ಗುಂಡು ಹೊಡೆಯುವ ಅಂಗಡಿಯ ಗಾಳಿ ಬಂದೂಕು, ಬಳೆ ಎಸೆಯುವ ಆಟದ ಮರದ ಬಳೆಗಳು, ಮೃತ್ಯುಕೂಪದ ತಗಡಿನ ಬೋರ್ಡು, ದೆಹಲಿಯ ಅಪ್ಪು ಘರ್ ಎಂಬ ಆಟದ ಪಾರ್ಕಿನ ಎರಡು ಟಿಕೆಟುಗಳು. ಅಪ್ಪು ಘರ್ 1984ರಲ್ಲಿ ತೆರೆದು 2008ರಲ್ಲಿ ಮುಚ್ಚಿತು. ಆ ಟಿಕೆಟುಗಳು ನನ್ನ ಕೈಗೆ ಬಂದದ್ದು ಹಳೆಯ ಪುಸ್ತಕವೊಂದರ ಹಾಳೆಗಳ ನಡುವೆ. ಹೊರದೇಶಗಳಲ್ಲಿ ಇಂಥ ವಸ್ತುಗಳಿಗೆಂದೇ ಹರಾಜು ಮನೆಗಳಿವೆ. ಡಿಸ್ನಿಲ್ಯಾಂಡ್ ಕಟ್ಟಲು ಹಣ ಹೂಡುವವರಿಗೆ ತೋರಿಸಲೆಂದು 1953ರಲ್ಲಿ ಹರ್ಬ್ ರೈಮನ್ ಎಂಬ ಚಿತ್ರಕಾರ ಒಂದೇ ವಾರಾಂತ್ಯದಲ್ಲಿ ಬರೆದುಕೊಟ್ಟ ನಕ್ಷೆ 2017ರ ಹರಾಜಿನಲ್ಲಿ 7,08,000 ಡಾಲರಿಗೆ ಹೋಯಿತು. ಅದೇ ಪಾರ್ಕಿನ ತಿರುಗುವ ಕುದುರೆಗಳ ಆಟವೂ ಹಳೆಯದನ್ನು ಕೊಂಡು ತಂದದ್ದೇ. 1922ರಲ್ಲಿ ಡೆಂಟ್ಜೆಲ್ ಕಾರ್ಖಾನೆಯಲ್ಲಿ ಮಾಡಿದ ಆ ಆಟ ಮೊದಲು ಕೆನಡಾದ ಟೊರಾಂಟೊದಲ್ಲಿ ತಿರುಗುತ್ತಿತ್ತು.

ಜಾತ್ರೆಯ ವಸ್ತುವಿಗೆ ಹರಾಜು ಕೂಗುವುದು ನಮ್ಮ ಸೀಮೆಯವರಿಗೆ ಹೊಸದಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರು ಎಳೆಯುವ ಮೊದಲು ಮುಕ್ತಿ ಬಾವುಟವನ್ನು ಸವಾಲಿಗೆ ಇಡುತ್ತಾರೆ. ಅದು ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತದೆ. ಅದು ಭಕ್ತಿ, ಇದನ್ನು ಅದಕ್ಕೆ ಹೋಲಿಸಲಾರೆ. ಆದರೆ ಜಾತ್ರೆಯಿಂದ ಮನೆಗೆ ಒಯ್ಯುವ ಒಂದು ತುಂಡು ಬಟ್ಟೆಗೆ ನೂಲಿನ ಬೆಲೆಯನ್ನು ಮೀರಿದ ಬೆಲೆ ಇದೆ ಎಂಬುದನ್ನು ಚಿತ್ರದುರ್ಗ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲ ಭಾನುವಾರ

ಏನನ್ನೂ ಬಿಚ್ಚಲಿಲ್ಲ, ಒರೆಸಲೂ ಇಲ್ಲ. ಬರೀ ನೋಡಿದೆ, ಅಳೆದೆ, ಫೋಟೊ ತೆಗೆದೆ. ಕಾಲು ಮುರಿದ ಕುದುರೆಯ ಉದ್ದ ಮೂಗಿನಿಂದ ಬಾಲದ ಬುಡದವರೆಗೆ 3 ಅಡಿ 2 ಅಂಗುಲ, ತೂಕ 14 ಕಿಲೊ. ಹಲಗೆಗಳನ್ನು ಅಂಟಿಸಿ ಕೆತ್ತಿದ ಮೈ. ತಲೆ, ಕಾಲುಗಳನ್ನು ಬೇರೆಯಾಗಿ ಮಾಡಿ ಬೆಣೆ ಹೊಡೆದು ಕೂಡಿಸಿದ್ದಾರೆ. ಬೆನ್ನಿನಿಂದ ಹೊಟ್ಟೆಗೆ ಕಬ್ಬಿಣದ ಕೊಳವೆ ಹಾಯ್ದ ತೂತು.

ಸ್ವಲ್ಪ ಹೊತ್ತಿನಲ್ಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಎಡಮೈಯ ಜೀನಿಗೆ ಮೂರು ಗೊಂಡೆಗಳು, ಅಂಚಿಗೆ ಮಲ್ಲಿಗೆ ಮೊಗ್ಗಿನ ಸಾಲು, ಕುತ್ತಿಗೆಗೆ ಗೆಜ್ಜೆಸರ ಕೆತ್ತಿದ್ದಾರೆ. ಬಲಮೈಯಲ್ಲಿ ಜೀನಿನ ಗೆರೆಯೊಂದೇ, ಅದೂ ಬಣ್ಣದ ಗೆರೆ. ಕೆತ್ತಿದವನು ಸೋಮಾರಿಯಾಗಿರಲಿಲ್ಲ, ಜನ ಯಾವ ಮಗ್ಗುಲನ್ನು ನೋಡುತ್ತಾರೋ ಆ ಮಗ್ಗುಲಿಗೆ ಕೈಯೆಲ್ಲ ಧಾರೆ ಎರೆದಿದ್ದಾನೆ. ಹಾಗಾದರೆ ಈ ಕುದುರೆ ಬಲಮಗ್ಗುಲನ್ನು ಒಳಕ್ಕೆ ಇಟ್ಟುಕೊಂಡು ತಿರುಗುತ್ತಿತ್ತು, ಅಂದರೆ ಪ್ರದಕ್ಷಿಣೆಯಾಗಿ. ಇಂಗ್ಲೆಂಡಿನ ಜಾತ್ರೆಯ ಕುದುರೆಗಳೂ ಹೀಗೆಯೇ ತಿರುಗುತ್ತವೆ, ಅವುಗಳ ಎಡಮೈ ಸಿಂಗಾರದ ಮೈ. ಅಮೆರಿಕದವು ಅಪ್ರದಕ್ಷಿಣೆ, ಆದ್ದರಿಂದ ಅಲ್ಲಿ ಬಲಮೈಗೆ ಕೆತ್ತನೆ. ಹಳೆಯ ಕುದುರೆ ಕೊಳ್ಳುವವರು ಮೊದಲು ನೋಡುವುದು ಇದನ್ನೇ.

ಹಳೆಯ ದುರಸ್ತಿಯನ್ನು ತಿರುಪುಗಳೇ ಹೇಳಿಬಿಟ್ಟವು. ಮೂಲದ್ದಕ್ಕೆಲ್ಲ ಒಂದೇ ಗೀರಿನ ತಲೆಯ ತಿರುಪು. ಮುರಿದ ಕಾಲಿಗೆ ಬಿಗಿದಿದ್ದ ಕಬ್ಬಿಣದ ಪಟ್ಟಿಗೆ ಪ್ಲಸ್ ತಲೆಯವು, ಜೊತೆಗೆ ಐದು ಮೊಳೆ. ಆ ಮೊಳೆಗಳು ತುಕ್ಕು ಹಿಡಿದು ಉಬ್ಬಿ ಮರವನ್ನು ಇನ್ನಷ್ಟು ಸೀಳಿದ್ದವು.

ಜೀನಿನ ಹಿಂದಿನ ಅಂಚಿನಲ್ಲಿ ಹಲಗೆ ಬಿಟ್ಟ ಸಂದಿನೊಳಗೆ ಟಾರ್ಚ್ ಬಿಟ್ಟಾಗ ಏನೋ ಮಿನುಗಿತು. ಚಿಮುಟದಲ್ಲಿ ಹಿಡಿದು ಎಳೆದರೆ ಚೌಕಾಕಾರದ 5 ಪೈಸೆ, ಅಲ್ಯೂಮಿನಿಯಂನದು, 1971 ಎಂದಿದೆ. ಇದರಿಂದ ಕುದುರೆಗೆ ಇಷ್ಟೇ ವಯಸ್ಸು ಎನ್ನಲಾಗದು. 1971ಕ್ಕೆ ಮೊದಲು ಆ ಕಾಸು ಬೀಳಲು ಸಾಧ್ಯವಿರಲಿಲ್ಲ ಎನ್ನಬಹುದು, ಅಷ್ಟೇ. ಇದನ್ನು ಸ್ಪಷ್ಟ ಮಾಡಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇತ್ತು: 100 ವರ್ಷ ದಾಟಿದ ಕೆತ್ತನೆಯಾದರೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ತಿರುಪು, ಅಂಟು, ಕೆತ್ತನೆಯ ರೀತಿ ಎಲ್ಲವನ್ನೂ ನೋಡಿದ ಮೇಲೆ ಅಷ್ಟು ಹಳೆಯದಲ್ಲ ಎಂಬುದು ಖಾತ್ರಿಯಾಯಿತು.

ಹುಳು

ಕಾಲಿಗೆ ತೇಗ, ಮೈಗೆ ಮಾವು ಹಾಕಿದ್ದಾರೆ. ಮಾವಿನ ಮರವೆಂದರೆ ಕುಟ್ಟೆ ಹುಳುವಿಗೆ ಹಬ್ಬದೂಟ. ಹೊಟ್ಟೆಯ ಕೆಳಗೆ ಗುಂಡುಸೂಜಿಯ ತಲೆಯಷ್ಟು ತೂತುಗಳು ನೂರಾರು. ಹುಳು ಈಗಲೂ ಬದುಕಿದೆಯೇ ಎಂದು ತಿಳಿಯಲು ಕುದುರೆಯ ಕೆಳಗೆ ಕಪ್ಪು ಕಾಗದ ಹಾಸಿ ನಾಲ್ಕು ದಿನ ಬಿಟ್ಟೆ. ಐದನೆಯ ದಿನ ಬೆಳಿಗ್ಗೆ ಮೂರು ಕಡೆ ಸಣ್ಣ ಬಿಳಿ ಪುಡಿಯ ಗುಪ್ಪೆಗಳು. ಬದುಕಿತ್ತು.

ಬಿಳಿಗಾರ ಮತ್ತು ಬೋರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ಬಣ್ಣವಿಲ್ಲದ ಕಡೆಗಳಿಗೆ ಮಾತ್ರ, ಅಂದರೆ ಹೊಟ್ಟೆಯ ಅಡಿ ಮತ್ತು ಕೊಳವೆಯ ತೂತಿನ ಒಳಗೋಡೆಗೆ, ಕುಂಚದಿಂದ ಮೂರು ಸಲ ಹಚ್ಚಿದೆ. ತೂತುಗಳಿಗೆ ಸಿರಿಂಜಿನಿಂದ ಇಳಿಸಿದೆ. ಒಂದು ತೂತಿಗೆ ಬಿಟ್ಟ ನೀರು ಒಂದು ಗೇಣು ಆಚೆ ಇನ್ನೊಂದರಿಂದ ಹೊರಬಂತು. ಒಳಗೆ ಎಷ್ಟು ಸುರಂಗ ಇರಬೇಕು! ಆಮೇಲೆ ಮೂರು ವಾರ ನೆರಳಿನಲ್ಲಿ ಒಣಗಲು ಬಿಟ್ಟೆ. ಎರಡನೆಯ ಕುದುರೆಯನ್ನು ಪಾಲಿಥೀನ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಬೇರೆ ಕೋಣೆಗೆ ಹಾಕಿದೆ, ಅಲ್ಲಿಂದ ಹುಳು ಇತ್ತ ಹಾರಿ ಬರಬಾರದಲ್ಲ.

ಕಾಲು

ಕಾಲು ಮುರಿದದ್ದೇಕೆ ಎಂದು ತಿಳಿಯದೆ ಕಟ್ಟಿದರೆ ಅದು ಮತ್ತೆ ಅಲ್ಲೇ ಮುರಿಯುತ್ತದೆ. ಎತ್ತಿದ ಮುಂಗಾಲಿನ ಮಂಡಿ ಬಾಗಿದ ಕಡೆ ಮರದ ಎಳೆ ಕಾಲಿನ ಉದ್ದಕ್ಕೆ ಓಡದೆ ಅಡ್ಡ ಹಾಯ್ದಿದೆ. ಒಂದೇ ತುಂಡಿನಲ್ಲಿ ಬಾಗು ಕೆತ್ತಿದರೆ ಇದು ತಪ್ಪಿದ್ದಲ್ಲ. ಮಕ್ಕಳು ಹತ್ತುವಾಗ ಕಾಲಿಡುತ್ತಿದ್ದದ್ದೂ ಅದೇ ಮಂಡಿಯ ಮೇಲೆ. ಅಲ್ಲಿ ಬಣ್ಣ ಸವೆದು ಮರ ನುಣುಪಾಗಿದೆ.

ಪಟ್ಟಿ ಬಿಚ್ಚಿದೆ. ಮೊಳೆಗಳನ್ನು ಕೀಳಲು ಹೋಗಲಿಲ್ಲ. ಸುತ್ತಲಿನ ಮರವೂ ಕಿತ್ತು ಬರುತ್ತಿತ್ತು. ಬೆಸುಗೆ ಹಾಕುವ ಸೋಲ್ಡರಿಂಗ್ ಕಬ್ಬಿಣದ ತುದಿಯನ್ನು ಪ್ರತಿ ಮೊಳೆಯ ತಲೆಗೆ ಎರಡು ನಿಮಿಷ ಒತ್ತಿ ಹಿಡಿದೆ. ಬಿಸಿಗೆ ಮೊಳೆ ಹಿಗ್ಗಿ, ಆರಿದಾಗ ಕುಗ್ಗಿ, ತುಕ್ಕಿನ ಹಿಡಿತ ಸಡಿಲವಾಗುತ್ತದೆ. ನಾಲ್ಕು ಮೊಳೆಗಳು ಸಲೀಸಾಗಿ ಬಂದವು. ಐದನೆಯದು ಒಳಗೇ ತುಂಡಾಯಿತು, ಅದನ್ನು ಅಲ್ಲೇ ಬಿಟ್ಟೆ.

ಇಲ್ಲಿಂದ ಮುಂದೆ ನನ್ನೊಬ್ಬನ ಕೈ ಸಾಲದು. ನಮ್ಮ ಬೀದಿಯ ಬಡಗಿ ಮೇಸ್ತ್ರಿಯನ್ನು ಕರೆದೆ. ಪುಡಿಯಾದ ಮರವನ್ನು ಅವರು ಉಳಿಯಿಂದ ತೆಗೆದು, ಎರಡೂ ಕಡೆ ಓರೆಯಾಗಿ ಸೀಳಿಕೊಂಡು, ಹಳೆಯ ಬಾಗಿಲ ಚೌಕಟ್ಟಿನ ತೇಗದಿಂದ ಎರಡೂವರೆ ಅಂಗುಲದ ತುಂಡನ್ನು ಕೂರಿಸಿದರು. ಹೊಸ ತುಂಡಿನ ಎಳೆಯನ್ನು ಕಾಲಿನ ಉದ್ದಕ್ಕೇ ಇಟ್ಟರು. ನಡುವೆ 10 ಮಿಲಿಮೀಟರಿನ ತೇಗದ ಗೂಟ.

ಅಂಟಿನ ವಿಷಯದಲ್ಲಿ ನಮ್ಮಿಬ್ಬರಿಗೂ ವಾದವಾಯಿತು. ಅವರು ಎಪಾಕ್ಸಿ ಎಂದರು, ನಾನು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಮರವಜ್ರ ಎಂದೆ. ಎಪಾಕ್ಸಿ ಗಟ್ಟಿ, ನಿಜ. ಆದರೆ ಮುಂದೆ ಯಾರಾದರೂ ಈ ಸಂದನ್ನು ಬಿಚ್ಚಬೇಕಾದರೆ ಮರವನ್ನೇ ಕಡಿಯಬೇಕಾಗುತ್ತದೆ. ಮರವಜ್ರಕ್ಕಾದರೆ ಬಿಸಿನೀರಿನ ಬಟ್ಟೆ ಸುತ್ತಿದರೆ ಸಾಕು, ಬಿಟ್ಟುಕೊಳ್ಳುತ್ತದೆ. ಹರಳುಗಳನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಬೆಳಿಗ್ಗೆ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕಾಯಿಸಿದೆ. 60 ಡಿಗ್ರಿ ದಾಟಿಸಬಾರದು, ಕುದಿಸಿದರಂತೂ ಅಂಟಿನ ಸತ್ವವೇ ಹೋಗುತ್ತದೆ. ಮೋಟಾರಿನ ಬಿಸಿ ನೋಡಲು ಇಟ್ಟುಕೊಂಡ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬಂತು. ಬಾಗಿದ ಕಾಲಿಗೆ ಕ್ಲಾಂಪ್ ನಿಲ್ಲುವುದಿಲ್ಲ; ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಎಳೆದೆಳೆದು ಸುತ್ತಿದೆವು. ಎರಡು ದಿನದ ಮೇಲೆ ಬಿಚ್ಚಿದಾಗ ಮೇಸ್ತ್ರಿ ಕಾಲನ್ನು ಹಿಡಿದು ಕುದುರೆಯನ್ನೇ ಎತ್ತಿದರು. ಸಂದು ಕಿರ್ ಎನ್ನಲಿಲ್ಲ.

ತಪ್ಪು

ಈ ಭಾಗವನ್ನು ಬರೆಯಲು ಮನಸ್ಸಿಲ್ಲ, ಆದರೆ ಬಿಡುವಂತಿಲ್ಲ.

ಮೈಮೇಲೆ ಕೊನೆಯದಾಗಿ ಬಳಿದಿದ್ದು ಗಿಳಿಹಸಿರು ಎನಾಮೆಲ್, ಅದರ ಮೇಲೆ ಎಣ್ಣೆ, ಹೊಗೆ, ಧೂಳು. ಹಳೆಯ ಎನಾಮೆಲ್ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಮನೆ ಬಳಕೆಯ ಬಣ್ಣದಲ್ಲಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಆದ್ದರಿಂದ ಒಣ ಎಮರಿ ಪೇಪರ್ ಮುಟ್ಟಲಿಲ್ಲ, ಮುಖಗವಸು ತೆಗೆಯಲಿಲ್ಲ, ಮಕ್ಕಳನ್ನು ಆ ಕೋಣೆಗೆ ಬಿಡಲಿಲ್ಲ. ಇಷ್ಟೆಲ್ಲ ಎಚ್ಚರ ವಹಿಸಿದವನು ಕುತ್ತಿಗೆಯ ಕೇಸರದ ಗೀರುಗಳಲ್ಲಿ ಕೂತ ಜಿಡ್ಡು ಬಿಡುತ್ತಿಲ್ಲವೆಂದು ಅವಸರದಲ್ಲಿ ಥಿನ್ನರ್ ಅದ್ದಿದ ಬಟ್ಟೆಯನ್ನು ಒತ್ತಿ ಒರೆಸಿದೆ. ಬಟ್ಟೆ ಕೆಂಪಾಯಿತು. ಹಸಿರಿನ ಅಂಚಿನಲ್ಲಿ ಇಣುಕುತ್ತಿದ್ದ ಕಾವಿಗೆಂಪು ಬಣ್ಣ, ರೂಪಾಯಿ ನಾಣ್ಯದಷ್ಟು ಅಗಲ, ನನ್ನ ಕೈಯ ಬಟ್ಟೆಗೆ ಬಂದುಬಿಟ್ಟಿತ್ತು.

ಅಂದು ಕೆಲಸ ನಿಲ್ಲಿಸಿದೆ. ಆ ಬಟ್ಟೆಯನ್ನು ಎಸೆಯಲಿಲ್ಲ. ಡಬ್ಬಿಯಲ್ಲಿ ಹಾಕಿ ದಿನಾಂಕ ಬರೆದಿಟ್ಟೆ.

ಮರುದಿನದಿಂದ ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಬಾಯಿಯ ಉಗುಳಿನಲ್ಲಿ ತೇವ ಮಾಡಿ, ಒಂದೊಂದು ಅಂಗುಲವನ್ನೂ ಉರುಳಿಸುತ್ತ ಒರೆಸಿದೆ. ವಸ್ತುಸಂಗ್ರಹಾಲಯಗಳಲ್ಲಿ ಚಿತ್ರಗಳನ್ನು ಶುಚಿ ಮಾಡುವವರು ಇಂದಿಗೂ ಮಾಡುವ ಕೆಲಸ ಇದು. ಉಗುಳಿನ ಕಿಣ್ವಗಳು ಜಿಡ್ಡನ್ನು ಬಿಡಿಸುತ್ತವೆ, ಬಣ್ಣಕ್ಕೆ ಕೈ ಹಚ್ಚುವುದಿಲ್ಲ. ಒರೆಸಿದ ಕಡ್ಡಿಯನ್ನು ಮತ್ತೆ ಬಾಯಿಗೆ ತರಬಾರದು, ಪ್ರತಿ ಸಲವೂ ಹೊಸ ಕಡ್ಡಿ. ಮೇಸ್ತ್ರಿಗೆ ಇದು ಸರಿಬರಲಿಲ್ಲ.

“ಸವಾಲಿಗೆ ಇಡುವ ವಸ್ತುವಿಗೆ ಎಂಜಲು ಹಚ್ಚುತ್ತೀರಲ್ಲ, ಯಜಮಾನರೇ?”

ಕೊನೆಯಲ್ಲಿ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರಿನ ಹತ್ತಿಯಿಂದ ಎಲ್ಲವನ್ನೂ ಇನ್ನೊಮ್ಮೆ ಒರೆಸುತ್ತೇನೆ ಎಂದ ಮೇಲೆ ಸುಮ್ಮನಾದರು. ನಮ್ಮ ಬೋರ್ ನೀರು ಒಣಗಿದರೆ ಬಿಳಿ ಉಪ್ಪು ಕೂರುತ್ತದೆ, ಅದು ಆಗದು. ಎಡಮೈ ಮುಗಿಯಲು ಆರು ಭಾನುವಾರಗಳು, ಸುಮಾರು ಏಳುನೂರು ಕಡ್ಡಿಗಳು ಬೇಕಾದವು.

ಅಜ್ಜನ ಮನೆ

ಗುಜರಿಯವನಿಂದ ವಿಚಾರಿಸಿಕೊಂಡು ಹರಿಹರದ ಕಡೆಯ ಒಂದು ಹಳ್ಳಿಗೆ ಹೋದೆ. ಆಟ ನಡೆಸುತ್ತಿದ್ದ ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. ಮೊಬೈಲಿನಲ್ಲಿ ಫೋಟೊ ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

“ಇವನು ಕೆಂಚ.”

“ಹಸಿರು ಇದೆಯಲ್ಲ ಅಜ್ಜ?”

“ಹಸಿರು ಆಮೇಲೆ ಬಳಿದದ್ದು. ನಮ್ಮಪ್ಪನ ಕಾಲದಲ್ಲಿ ಕೆಂಪು. ಅದಕ್ಕೇ ಕೆಂಚ.”

ನನಗೆ ಆ ಡಬ್ಬಿಯೊಳಗಿನ ಬಟ್ಟೆ ನೆನಪಾಯಿತು. ಮಾತು ಹೊರಡಲಿಲ್ಲ.

ಅಜ್ಜ ಹೇಳಿದ್ದು ಇಷ್ಟು. ಎಂಟು ಕುದುರೆ, ಎರಡು ಸಿಂಹ, ಎರಡು ಹಂಸ. ಕೊಟ್ಟೂರಿನ ತೇರು, ನಾಯಕನಹಟ್ಟಿಯ ತೇರು, ಎರಡು ವರ್ಷಕ್ಕೊಮ್ಮೆ ದಾವಣಗೆರೆಯ ದುಗ್ಗಮ್ಮನ ಜಾತ್ರೆ. ದುಗ್ಗಮ್ಮನ ಜಾತ್ರೆ ಬಂದ ವರ್ಷ ಹೊಸ ಬಣ್ಣ. ಬಣ್ಣ ದಪ್ಪವಾಗಿ ಗೊಂಡೆಗಳೇ ಮುಚ್ಚಿಹೋದಾಗ ಒಮ್ಮೆ ಬ್ಲೋಲ್ಯಾಂಪ್ ಹಿಡಿದು ಎಲ್ಲವನ್ನೂ ಸುಟ್ಟು ಕೆರೆದಿದ್ದರು.

ಮನೆಗೆ ಬಂದವನೇ ಹೊಟ್ಟೆಯ ಹತ್ತಿರ, ಕಣ್ಣಿಗೆ ಬೀಳದ ಕಡೆ, ಬೇಳೆಯಷ್ಟು ಜಾಗದಲ್ಲಿ ನೀರು ಹಚ್ಚುತ್ತ ಬಣ್ಣವನ್ನು ಓರೆಯಾಗಿ ಕೆರೆದು ಭೂತಗನ್ನಡಿ ಹಿಡಿದೆ. ಗಿಳಿಹಸಿರು, ನೀಲಿ, ಮತ್ತೆ ಹಸಿರು, ಹಳದಿ, ಬಿಳಿ, ನೀಲಿ, ಕಡುಹಸಿರು. ಏಳು ಪದರ. ಅದರಡಿ ಪ್ರೈಮರ್, ಅದರಡಿ ಮರ ಕಂದುಗಪ್ಪಾಗಿ ಸುಟ್ಟಿದೆ. ಅಜ್ಜನ ಮಾತಿಗೆ ಮರವೇ ಸಾಕ್ಷಿ. ಎರಡು ವರ್ಷಕ್ಕೊಂದು ಪದರವಾದರೆ ಸುಟ್ಟ ಮೇಲಿನ ಲೆಕ್ಕ ಸಿಗುತ್ತದೆ. ಅದಕ್ಕೂ ಹಿಂದಿನದನ್ನೆಲ್ಲ ಬೆಂಕಿ ತಿಂದುಹಾಕಿದೆ. ಬ್ಲೋಲ್ಯಾಂಪಿನ ಜ್ವಾಲೆ ತಾಗದ ಕಡೆಗಳಲ್ಲಿ ಮಾತ್ರ ಕೆಂಪು ಉಳಿದಿತ್ತು: ಕೇಸರದ ಆಳದ ಗೀರು, ಎಡಗಿವಿಯ ಒಳಗೆ, ಜೀನಿನ ಅಂಚಿನ ಸಂದು. ಅವುಗಳಲ್ಲಿ ಒಂದನ್ನು ನಾನು ಒರೆಸಿ ತೆಗೆದಿದ್ದೆ.

ತುಂಬುವುದು, ನಿಲ್ಲಿಸುವುದು

ಬಿರುಕುಗಳಿಗೆ ಅಂಗಡಿಯ ಪುಟ್ಟಿ ಬೇಡವೆನಿಸಿತು. ಕಿನ್ನಾಳದ ಚಿತ್ರಗಾರರು ಮರದ ಬೊಂಬೆಗಳಿಗೆ ಹುಣಸೆ ಬೀಜದ ಅಂಟು, ಮರದ ಹೊಟ್ಟು ಕಲಸಿದ ಕಿಟ್ಟ ಬಳಸುತ್ತಾರೆ. ನಮ್ಮ ಚಳ್ಳಕೆರೆ ಕಡೆ ಕಂಬಳಿ ನೇಯುವವರೂ ನೂಲಿಗೆ ಹುಣಸೆ ಬೀಜದ ಗಂಜಿಯನ್ನೇ ಹಚ್ಚುವುದು. ಅಲ್ಲಿನ ಪರಿಚಯದ ನೇಕಾರರಿಂದ ಒಂದು ಸೇರು ಪುಡಿ ತಂದು, ಕುದಿಸಿ, ಜರಡಿ ಹಿಡಿದ ತೇಗದ ಹೊಟ್ಟು ಮತ್ತು ಹುಳು ಬೀಳದಂತೆ ಚಿಟಿಕೆ ಮೈಲುತುತ್ತ ಹಾಕಿ ಕಲಸಿದೆ. ಒಮ್ಮೆಗೇ ತುಂಬಿದರೆ ಒಣಗುವಾಗ ಕುಗ್ಗಿ ಮತ್ತೆ ಬಿರಿಯುತ್ತದೆ; ತೆಳ್ಳಗೆ ನಾಲ್ಕು ಸಲ ತುಂಬಬೇಕಾಯಿತು.

ತುಂಬಿದ ಕಡೆಗೆ ಮತ್ತು ಹೊಸ ತೇಗದ ತುಂಡಿಗೆ ಜಲವರ್ಣ ಹಚ್ಚಿದೆ, ಸುತ್ತಲಿನದಕ್ಕಿಂತ ಒಂದು ಛಾಯೆ ತೆಳುವಾಗಿ. ನಾಲ್ಕು ಮಾರು ದೂರದಿಂದ ನೋಡಿದರೆ ಕಾಣದು, ಹತ್ತಿರ ಬಂದರೆ ಇದು ಹೊಸದೆಂದು ಗೊತ್ತಾಗಬೇಕು. ಉಳಿದ ಮೈಗೆ ಒಂದು ಹನಿ ಬಣ್ಣವನ್ನೂ ಸೋಕಿಸಲಿಲ್ಲ. ಜೀನಿನ ಮುಂದಿನ ಗುಬುಟಿನಲ್ಲಿ ಏಳೂ ಬಣ್ಣ ಸವೆದು ಉಂಗುರ ಉಂಗುರವಾಗಿ ಕಾಣುತ್ತವೆ, ನಡುವೆ ಬರಿ ಮರ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಎಷ್ಟು ಜಾತ್ರೆಗಳ ಮಕ್ಕಳು ಗಟ್ಟಿಯಾಗಿ ಹಿಡಿದುಕೊಂಡ ಜಾಗ ಅದು. ಅದರ ಮೇಲೆ ಬಣ್ಣ ಬಳಿಯುವ ಹಕ್ಕು ನನಗಿಲ್ಲ. “ಫಳಫಳ ಹೊಳೆಯುವಂತೆ ಬಳಿದರೆ ಎರಡರಷ್ಟು ಬರುತ್ತದೆ” ಎಂದು ಮೇಸ್ತ್ರಿ ಕಡೆಯವರೆಗೂ ಹೇಳಿದರು. ಬರುತ್ತಿತ್ತೇನೋ.

ಬರಿ ಮರಕ್ಕೆ ಟರ್ಪೆಂಟೈನಿನಲ್ಲಿ ಕರಗಿಸಿದ ಜೇನುಮೇಣ. ನಿಲ್ಲಿಸಲು ಕಬ್ಬಿಣದ ಕೊಳವೆ ಮತ್ತು ದಪ್ಪ ತಗಡಿನ ಪೀಠ; ಕಬ್ಬಿಣ ಮರಕ್ಕೆ ತಾಗುವ ಎರಡೂ ಕಡೆ ಚಳ್ಳಕೆರೆ ಕಂಬಳಿಯ ತುಂಡನ್ನು ಬಿಲ್ಲೆಯಾಗಿ ಕತ್ತರಿಸಿ ಇಟ್ಟೆ. ಕುದುರೆಗೆ ಹೊಸದಾಗಿ ಒಂದು ತಿರುಪನ್ನೂ ಹಾಕಿಲ್ಲ.

ಸವಾಲು

ನಮ್ಮಂಥ ಸಂಗ್ರಾಹಕರು ದಾವಣಗೆರೆಯ ಒಂದು ಸಮುದಾಯ ಭವನವನ್ನು ಬಾಡಿಗೆಗೆ ಹಿಡಿದು ನಮ್ಮ ನಮ್ಮಲ್ಲೇ ಸವಾಲು ನಡೆಸುತ್ತೇವೆ. ಈ ಸಲ ನಲವತ್ತು ಜನ ಬಂದಿದ್ದರು. ಕುದುರೆಯ ಪಕ್ಕದಲ್ಲಿ ಎರಡು ಪುಟದ ವಿವರ ಇಟ್ಟೆ: ಕಾಲಿನ ಹೊಸ ತುಂಡು, ಒಳಗೆ ಉಳಿದ ಮೊಳೆ, ಹುಳುವಿಗೆ ಮಾಡಿದ ಮದ್ದು, ಥಿನ್ನರಿನಿಂದ ಹೋದ ಕೆಂಪು, ಅದರ ಅಳತೆ. ಜೊತೆಗೆ 5 ಪೈಸೆ ಮತ್ತು ಆ ಬಟ್ಟೆಯ ಡಬ್ಬಿ.

ಮೂಲ ಬೆಲೆ 15,000. ಹೋಟೆಲಿನ ಮುಂದೆ ನಿಲ್ಲಿಸಲು ಕುದುರೆ ಬೇಕೆಂದು ಬಂದಿದ್ದವರೊಬ್ಬರು 28,000ದವರೆಗೆ ಕೂಗಿ, ಹೊಸ ಬಣ್ಣ ಬಳಿಸಿಕೊಡುತ್ತೀರಾ ಎಂದು ಕೇಳಿದರು. ಇಲ್ಲ ಎಂದೆ. ಅವರು ಹಿಂದೆ ಸರಿದರು. ಹೊಸದುರ್ಗದಿಂದ ಬಂದಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಎದ್ದು ಬಂದು, ವಿವರದ ಹಾಳೆಯನ್ನು ಪೂರ್ತಿ ಓದಿ, ಮೊಬೈಲಿನ ಟಾರ್ಚ್ ಹಾಕಿ ಎಡಗಿವಿಯ ಒಳಗೆ ನೋಡಿದರು. ಕೆಂಪು ಕಂಡಿತು. ಆಮೇಲೆ ಅವರಿಗೂ ಶಿವಮೊಗ್ಗದ ಒಬ್ಬ ಸಂಗ್ರಾಹಕರಿಗೂ ಮೇಲಾಟ ನಡೆದು 46,000ಕ್ಕೆ ಅವರ ಹೆಸರಿಗೆ ಮೂರು ಸಾರಿ ಆಯಿತು.

ಖರ್ಚಿನ ಲೆಕ್ಕ: ಕುದುರೆಗೆ ಅರ್ಧಪಾಲು 2,100, ಸಾಮಾನು 3,640, ಮೇಸ್ತ್ರಿಯ ಕೂಲಿ 4,800, ಪೀಠ 2,300. ನನ್ನ ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅಜ್ಜನಿಗೆ 10,000 ಕೊಟ್ಟುಬಂದೆ. ಚೌಕಟ್ಟನ್ನು ತೂಕಕ್ಕೆ ಮಾರಿದ್ದ ಅವರಿಗೆ ಕುದುರೆಗಳ ಲೆಕ್ಕದಲ್ಲಿ ಏನೂ ಸಿಕ್ಕಿರಲಿಲ್ಲ. ದುಡ್ಡು ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಯಾವ ಊರಿಗೆ ಹೋಯಿತು ಎಂದು ಕೇಳಿದರು. ಹೊಸದುರ್ಗ ಎಂದೆ.

“ಆ ಕಡೆಗೆ ನಾವು ಹೋಗಿಯೇ ಇರಲಿಲ್ಲ” ಎಂದರು.

ಕೆಂಚನನ್ನು ಕಳಿಸುವ ಮುನ್ನ ಅವನ ಎರಡೂ ಕಿವಿ, ಕೆಳದವಡೆ, ಬಾಲದ ಬುಡಕ್ಕೆ ರಟ್ಟಿನ ಅಚ್ಚು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಎರಡನೆಯ ಕುದುರೆಯೂ ಅದೇ ಕೈಯ ಕೆತ್ತನೆ, ಅಳತೆಗಳು ಕೂದಲೆಳೆಯಷ್ಟೂ ಬೇರೆಯಿಲ್ಲ. ಅದರ ಪಾಲಿಥೀನ್ ಇನ್ನೂ ಬಿಚ್ಚಿಲ್ಲ. ಅದರೊಳಗೇ ಕುದುರೆಯ ಕೆಳಗೆ ಹಾಸಿದ ಕಪ್ಪು ಕಾಗದದ ಮೇಲೆ ನಿನ್ನೆ ಬೆಳಿಗ್ಗೆ ಒಂದು ಗುಪ್ಪೆ ಬಿಳಿ ಪುಡಿ ಕಂಡಿತು.